ನೇರಳೆ ಬಟ್ಟೆಯೊಳಗಿನ ದಿಂಬು

"ಇನ್ಸ್‌ಪೆಕ್ಟರಮ್ಮ, ಸಂತ ಜೋಸೆಫರು ಇಲ್ಲ!"

ಧ್ಯಾನಕೂಟದಲ್ಲಿ ಮೂರು ದಿನ ಯಾರೂ ಬಾಯಿ ಬಿಡಬಾರದೆಂದು ನಿಯಮ ಮಾಡಿದ್ದ ಫಾದರ್ ತಾವೇ ಕೂಗಿಕೊಂಡು ಬಂದರು.

ಅತ್ತೆ ಪೊಲೀಸ್ ಕೆಲಸದಿಂದ ನಿವೃತ್ತರಾಗಿದ್ದರೂ ಚರ್ಚಿನವರ ಪಾಲಿಗೆ ಇನ್ಸ್‌ಪೆಕ್ಟರಮ್ಮನೇ. ಅವರ ಮಗ, ಅಂದರೆ ನನ್ನ ಗಂಡ, ತೀರಿಕೊಂಡ ಮೇಲೆ ಅವರು ಹೋದಲ್ಲಿಗೆ ನಾನೂ ಹೋಗುತ್ತಿದ್ದೆ.

ಉಪವಾಸ, ಪ್ರಾರ್ಥನೆಯ ತಪಸ್ಸುಕಾಲದ ಕೊನೆಯಲ್ಲಿ ಚರ್ಚಿನ ಸ್ವರೂಪಗಳಿಗೆಲ್ಲ, ಅಂದರೆ ಸಂತರ ಮೂರ್ತಿಗಳಿಗೆಲ್ಲ, ನೇರಳೆ ಬಟ್ಟೆ ಹೊದಿಸುತ್ತಾರೆ. ಈಸ್ಟರ್ ಹಬ್ಬವಾದ ಪಾಸ್ಕದ ಮುನ್ನಾದಿನದವರೆಗೆ ಯಾರೂ ಅದನ್ನು ತೆಗೆಯುವುದಿಲ್ಲ. ಶನಿವಾರ ಹೆಂಗಸರೆಲ್ಲ ಸೇರಿ ಹೊದಿಸಿದ್ದೆವು. ಈಗ ಜಾರಿದ ಬಟ್ಟೆ ಸರಿಮಾಡಲು ಹೋದ ಫಾದರಿಗೆ ಮೊಳದುದ್ದದ ಮರದ ಸಂತರ ಬದಲು ಒಂದು ದಿಂಬು ಸಿಕ್ಕಿತ್ತು. ತಲೆ, ಭುಜ ಮೂಡುವಂತೆ ಕತ್ತರಿಸಿ, ಚಿಂದಿ ತುಂಬಿ, ಅಚ್ಚುಕಟ್ಟಾಗಿ ಹೊಲಿದಿದ್ದರು.

"ಇದರಲ್ಲಿ ಪತ್ತೆ ಮಾಡೋದೇನಿದೆ?" ಅಂದರು ಸಮಿತಿಯ ಕಾರ್ಯದರ್ಶಿ. "ಕೀಲಿ ಇರೋದು ಗಂಟೆಯಣ್ಣನ ಹತ್ರ. ಸಂಜೆಯೊಳಗೆ ಸಿಗದಿದ್ರೆ ಕೋಣೆ ಖಾಲಿ ಮಾಡ್ಲಿ."

ಗಂಟೆ ಬಾರಿಸುವ ಗಂಟೆಯಣ್ಣನಿಗೆ ಚರ್ಚಿನ ಹಿಂದಿನ ಆ ಕೋಣೆ ಬಿಟ್ಟರೆ ಬೇರೆ ನೆಲೆಯಿರಲಿಲ್ಲ. ಅವನು ಕೀಲಿಗೊಂಚಲನ್ನು ಫಾದರ್ ಕೈಗಿಟ್ಟ. "ನಾನು ಮುಟ್ಟಿಲ್ಲಮ್ಮ," ಎಂದು ಅತ್ತೆಗೆ ಹೇಳಿದ.

"ಹಗಲೆಲ್ಲ ಬಾಗಿಲು ತೆರೆದೇ ಇರುತ್ತಲ್ಲ, ಕೀಲಿ ಯಾಕೆ ಬೇಕು?" ಅತ್ತೆ ಕೇಳಿದರು. "ಆ ಸ್ವರೂಪಕ್ಕೆ ಅಷ್ಟು ಬೆಲೆ ಇದೆಯಾ?"

"ಎಲ್ಲಿ ಬಂತು?" ಅಂದರು ಕಾರ್ಯದರ್ಶಿ. "ಬಿರುಕು ಬಿಟ್ಟಿದೆ. ಕೆತ್ತಿದ ಆಚಾರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿದೆ. ಹೊಸದು ತರಿಸೋಣ ಅಂತ ಹೋದ ವಾರ ತಾನೇ ತೀರ್ಮಾನ ಮಾಡಿದ್ವಿ."

ಹೊರಗೆ ಬಂದ ಮೇಲೆ ಅತ್ತೆ ನನ್ನನ್ನು ಕೇಳಿದರು, "ಹಿಂದಿನ ಬೆಂಚಲ್ಲಿ ಕೂರ್ತೀಯಲ್ಲ, ಈ ವಾರ ಏನು ಕಂಡೆ?"

"ಏನಿಲ್ಲ ಅತ್ತೆ. ಟೈಲರಕ್ಕ ಬಂದು ಪಕ್ಕದಲ್ಲಿ ಕೂತ್ಕೊಳ್ತಿದ್ರು, ಅಷ್ಟೇ."

"ಯಾವತ್ತಿಂದ?"

"ಭಾನುವಾರದಿಂದ."

ಟೈಲರಕ್ಕ ಆಚಾರಿಯ ಹೆಂಡತಿ. ಪೀಠದ ಬಟ್ಟೆಗಳನ್ನು ಒಗೆಯಲು ಒಯ್ದು ತರುತ್ತಿದ್ದರು. ವರ್ಷಗಳಿಂದ ಸಂತ ಜೋಸೆಫರ ಮುಂದೆಯೇ ಮಂಡಿಯೂರುತ್ತಿದ್ದವರು. ನಾನು ಯಾಕೆಂದು ಯೋಚಿಸಿರಲಿಲ್ಲ. ಆಗ ಯಾವುದನ್ನೂ ಯೋಚಿಸುತ್ತಿರಲಿಲ್ಲ.

ಸಂಜೆ ಉಪವಾಸದ ಒಂದೇ ಊಟಕ್ಕೆ ಎಲ್ಲರೂ ಊಟದ ಕೋಣೆಯಲ್ಲಿ ಸೇರಿದರು. ಮಧ್ಯಾಹ್ನ ಮನೆಗೆ ಹೋಗಿದ್ದ ಟೈಲರಕ್ಕ ಆಗಷ್ಟೇ ಬಂದರು. ಫಾದರ್ ಮಾತಿಗೆ ಅಪ್ಪಣೆ ಕೊಟ್ಟರು. ಅತ್ತೆ ದಿಂಬನ್ನು ಮೇಜಿನ ಮೇಲಿಟ್ಟರು.

"ಅಯ್ಯೋ, ಇಷ್ಟು ದಿನ ನಾನು ಈ ದಿಂಬಿಗಾ ಮೊರೆ ಇಟ್ಟಿದ್ದು?" ಅಂದ ಬೇಕರಿಯಣ್ಣ.

"ಕೇಳಿಸಿಕೊಳ್ಳೋನು ಬಟ್ಟೆ ಒಳಗೆ ಕೂತಿರಲ್ಲ, ಬಿಡಪ್ಪ," ಅಂದರು ಅತ್ತೆ. "ಕದ್ದು ಓಡೋರು ಇಷ್ಟು ಚೆಂದ ಹೊಲೀತಾ ಕೂರಲ್ಲ. ಇವರಿಗೆ ಬೇಕಾಗಿದ್ದು ಪಾಸ್ಕದವರೆಗಿನ ಸಮಯ. ಅಂದ್ರೆ ಬಟ್ಟೆ ತೆಗೆಯೋ ದಿನಕ್ಕೆ ವಾಪಸ್ ಇಡೋ ಯೋಚನೆ ಇತ್ತು. ಒಗೆಯೋ ಬಟ್ಟೆ ಜೊತೆ ಚೀಲದಲ್ಲಿ ಹೋದ್ರೆ ಯಾರೂ ತಿರುಗಿ ನೋಡಲ್ಲ. ಆದರೆ ಭಕ್ತಿ ಇರೋ ಜೀವ. ಒಳಗೆ ದಿಂಬಿದೆ ಅಂತ ಗೊತ್ತಿದ್ದೂ ಅದರ ಮುಂದೆ ಮಂಡಿಯೂರೋಕೆ ಮನಸ್ಸು ಬರಲಿಲ್ಲ. ಭಾನುವಾರದಿಂದ ಹಿಂದಿನ ಬೆಂಚಿಗೆ ಹೋದರು. ನಾನು ಯಾರ ಹೆಸರೂ ಹೇಳಲ್ಲ. ಗಂಟೆಯಣ್ಣ ಈಗ ಕೋಣೆ ಬಿಡಬೇಕು, ಅಷ್ಟು ಹೇಳ್ತೀನಿ."

ಟೈಲರಕ್ಕ ತಟ್ಟನೆ ಎದ್ದು ನಿಂತರು. "ನಿನ್ನ ತಲೆ ಮೇಲೆ ಬರುತ್ತೆ ಅಂತ ಹೊಳೀಲಿಲ್ಲ ತಮ್ಮಾ," ಎಂದು ಗಂಟೆಯಣ್ಣನಿಗೆ ಕೈಮುಗಿದರು. "ನಾನೇ ಒಯ್ದಿದ್ದು ಫಾದರ್. ನಮ್ಮನೆಯವರು ಉಳಿ ಮುಟ್ಟಿ ವರ್ಷ ಆಗಿತ್ತು. ಗೋಡೆ ನೋಡ್ತಾ ಮಲಗಿರ್ತಿದ್ರು. ಹೊಸದು ತರಿಸ್ತಾರಂತೆ ಅಂತ ಹೇಳೋಕಾಗ್ಲಿಲ್ಲ. ಸುಳ್ಳು ಹೇಳಿದೆ, ನೀವೇ ಸರಿಮಾಡಬೇಕಂತೆ, ಫಾದರ್ ಕಳಿಸಿದ್ದಾರೆ ಅಂತ."

"ಉಳಿ ಮುಟ್ಟಿದ್ರಾ?" ಫಾದರ್ ಕೇಳಿದರು.

"ಮೊದಲು ಬೈದ್ರು. ನಿನ್ನೆ ಎಡಗೈಲಿ ಉಳಿ ಹಿಡಿದ್ರು."

ಕಾರ್ಯದರ್ಶಿ ಸೂಪಿನ ಬಟ್ಟಲಿನತ್ತ ತಲೆ ತಗ್ಗಿಸಿದರು. ಫಾದರ್ ಕೀಲಿಗೊಂಚಲನ್ನು ಗಂಟೆಯಣ್ಣನ ಕೈಗೆ ಮರಳಿಸಿದರು. "ತಪ್ಪಾಯ್ತಪ್ಪ. ನೀನೇ ಹೋಗಿ ಸ್ವರೂಪ ತಗೊಂಡು ಬಾ."

ಗಂಟೆಯಣ್ಣ ಬರಿಗೈಯಲ್ಲಿ ವಾಪಸ್ ಬಂದ.

"ಎಲ್ಲಪ್ಪ?"

"ಆಚಾರಿ ಕೊಡಲ್ಲ ಅಂದ್ರು ಫಾದರ್. ಬಿರುಕು ಮುಚ್ಚಿದೆಯಂತೆ, ಗಡ್ಡ ಇನ್ನೂ ಆಗಿಲ್ಲವಂತೆ. ಅಷ್ಟು ಅವಸರ ಇದ್ರೆ ನಿಮ್ಮ ಫಾದರೇ ಬಂದು ಮರ ಹಿಡ್ಕೊಳ್ಳಲಿ, ನನಗೆ ಇರೋದು ಒಂದೇ ಕೈ ಅಂತ ಗದರಿದ್ರು. ನಾಳೆಯಿಂದ ನಾನೇ ಬಂದು ಹಿಡ್ಕೊಳ್ತೀನಿ ಅಂತ ಹೇಳಿ ಬಂದೆ."

ಒಂದು ದಿನ ಗಂಟೆಯಣ್ಣನಿಗೆ ಬಿಡುವಿರಲಿಲ್ಲ. ಅತ್ತೆ ನನ್ನನ್ನು ಕಳಿಸಿದರು. ಆಚಾರಿ ಸ್ವರೂಪವನ್ನು ನನ್ನ ಮುಂದೆ ಸರಿಸಿದರು. ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಕೂತೆ. ಅವರು ಉಳಿ ತಳ್ಳಿದಾಗಲೆಲ್ಲ ಮರ ನನ್ನ ಅಂಗೈಯಲ್ಲಿ ಅದುರುತ್ತಿತ್ತು.