ಸುಕ್ಕುಗಟ್ಟಿದ ಹಸಿರು ಕಾರು

"ಐದು ಗಂಟೆಯೊಳಗೆ ಗಂಟುಮೂಟೆ ಕಟ್ಟು ಅಂದಿದ್ದಾರಮ್ಮ" ಎಂದು ವಾಚ್ ರಿಪೇರಿಯವನು ಹೇಳಿದಾಗ ತಂಗಿ ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು. ಅರ್ಧ ಚಹಾ ಚೆಲ್ಲಿತು.

"ಯಾರಿಗೆ ಅಂದಿದ್ದು? ಯಾರು ಅಂದಿದ್ದು?"

"ಬೀಗದಮ್ಮನಿಗೆ. ನಮ್ಮ ಕ್ಲಬ್ಬಿನ ಕಸ ಗುಡಿಸಿ, ಬೀಗ ಹಾಕಿ ತೆಗೆಯೋ ಅಮ್ಮನಿಗೆ. ಮೂವತ್ತು ವರ್ಷದಿಂದ ಮೆಟ್ಟಿಲ ಕೆಳಗಿನ ರೂಮಲ್ಲಿದ್ದಾರೆ. ಈ ವಯಸ್ಸಲ್ಲಿ ಎಲ್ಲಿಗೆ ಹೋಗ್ಬೇಕು ಅವರು? ಅಂದಿದ್ದು ನಮ್ಮ ಅಧ್ಯಕ್ಷರು."

ತಂಗಿ ಮೂವತ್ತೊಂದು ವರ್ಷ ಶಾಲೆಯಲ್ಲಿ ಲೆಕ್ಕ ಕಲಿಸಿದವಳು. ತಪ್ಪು ಉತ್ತರವನ್ನು ಕ್ಷಮಿಸುತ್ತಿದ್ದಳು, ಪಕ್ಕದವರ ತಲೆಗೆ ತಪ್ಪು ಕಟ್ಟುವವರನ್ನು ಮಾತ್ರ ಬಿಡುತ್ತಿರಲಿಲ್ಲ. ಅಕ್ಕ ಬಸ್ ಡಿಪೋದ ಪೇಂಟ್ ಶೆಡ್ಡಿನಲ್ಲಿ ಬಣ್ಣ ಬೆರೆಸಿ, ಬಸ್ಸುಗಳಿಗೆ ಹೊಡೆದು ನಿವೃತ್ತಳಾದವಳು. ಬೀದಿಯಲ್ಲಿ ಏನಾದರೂ ಕಳೆದರೆ, ಯಾರ ಮೇಲಾದರೂ ಅಪವಾದ ಬಂದರೆ ಜನ ಮೊದಲು ತಟ್ಟುತ್ತಿದ್ದುದು ಈ ಅಕ್ಕ ತಂಗಿಯರ ಬಾಗಿಲನ್ನೇ. ಅಕ್ಕ ಪತ್ತೆ ಹಚ್ಚುತ್ತಿದ್ದಳು, ತಂಗಿ ಇಬ್ಬರ ಪಾಲಿನ ಸಿಟ್ಟನ್ನೂ ತಾನೇ ಮಾಡಿಕೊಳ್ಳುತ್ತಿದ್ದಳು.

"ಮೊದಲಿಂದ ಹೇಳು" ಎಂದಳು ಅಕ್ಕ, ಚೆಲ್ಲಿದ ಚಹಾ ಒರೆಸುತ್ತಾ.

ಅವನು ಹೇಳಿದ. ಅದು ಗೇಣುದ್ದದ ಪುಟ್ಟ ಕಾರುಗಳನ್ನು ಮಾಡುವವರ ಕ್ಲಬ್ಬು. ಕ್ಲಬ್ಬು ಕಟ್ಟಿದವರನ್ನು ಎಲ್ಲರೂ ಯಜಮಾನರು ಎನ್ನುತ್ತಿದ್ದರು. ಅವರು ತೀರಿಹೋಗಿ ಇಪ್ಪತ್ತು ವರ್ಷವಾಗಿತ್ತು. ಅವರು ಬಿಟ್ಟುಹೋದ ಏಳು ಕಾರುಗಳು ಗಾಜಿನ ಕಪಾಟಿನಲ್ಲಿದ್ದವು. ಜೊತೆಗೆ, ಯಾವತ್ತೋ ಮುಚ್ಚಿಹೋದ ಒಂದು ಕಂಪನಿಯ ಎರಡು ಡಜನ್ ಹಳೆಯ ಸ್ಪ್ರೇ ಡಬ್ಬಿಗಳಿದ್ದವು. ಅಂಥ ಬಣ್ಣ ಈಗ ದುಡ್ಡು ಕೊಟ್ಟರೂ ಸಿಗುವುದಿಲ್ಲ ಎಂದು ಸದಸ್ಯರು ಅವನ್ನು ಒಡವೆಯಂತೆ ಕಾಯುತ್ತಿದ್ದರು. ಏಳರಲ್ಲಿ ಕೊನೆಯದಾದ ಹಸಿರು ಕಾರೇ ಎಲ್ಲಕ್ಕಿಂತ ಚೆಂದ.

"ನಾಳೆ ಪ್ರದರ್ಶನ. ನಿನ್ನೆ ಊಟಕ್ಕೆ ಅಂತ ಒಂದರಿಂದ ಮೂರರವರೆಗೆ ರೂಮಿಗೆ ಬೀಗ ಹಾಕಿತ್ತು. ಕೀಲಿ ಇರೋದು ಮೂವರ ಹತ್ರ. ಅಧ್ಯಕ್ಷರು, ಬೀಗದಮ್ಮ, ಕಾರ್ಯದರ್ಶಿ ಅಂತ ನಾನು. ಮೂರಕ್ಕೆ ನಾನು ಬಂದು ತೆಗೆದೆ. ಹಸಿರು ಕಾರು ಮೇಜಿನ ಮೇಲಿತ್ತು. ಚಾವಣಿ, ಬಾನೆಟ್ಟು ಎಲ್ಲಾ ಕಾಯಿಸಿದ ಹಾಲಿನ ಕೆನೆ ಥರ ಸುಕ್ಕಾಗಿ ಎದ್ದಿತ್ತು. ನಾಲ್ಕಕ್ಕೆ ನಲವತ್ತು ಜನ ಸೇರಿದ್ರು. ಅಧ್ಯಕ್ಷರು ನೇರ ಬೀಗದಮ್ಮನ ರೂಮಿಗೆ ಹೋಗಿ ಕಸದ ಬುಟ್ಟಿಯಿಂದ ಹಸಿರು ಬಣ್ಣದ ಡಬ್ಬಿ ತೆಗೆದು, ಎಲ್ರ ಮುಂದೆ ಎತ್ತಿ ಹಿಡಿದ್ರು. ಆ ರೂಮನ್ನ ಸ್ಟೋರ್ ಮಾಡ್ತೀವಿ ಅಂತ ಹೋದ ವಾರ ಹೇಳಿದ್ವಲ್ಲ, ಆ ಹೊಟ್ಟೆಕಿಚ್ಚಿಗೆ ಈ ಕೆಲಸ ಮಾಡಿದ್ದಾಳೆ ಅಂದ್ರು."

"ಒಂದರಿಂದ ಮೂರರವರೆಗೆ ನೀನೆಲ್ಲಿದ್ದೆ?"

"ನನ್ನ ಅಂಗಡೀಲಿ. ಒಬ್ಬನೇ. ನೋಡಿದವರು ಯಾರೂ ಇಲ್ಲ" ಎಂದು ಅವನು ತಲೆ ತಗ್ಗಿಸಿದ.

"ಆ ಹಸಿರು ಕಾರು ಹೊಸದರಲ್ಲಿ ಒಣಗೋಕೆ ಎಷ್ಟು ಹೊತ್ತು ಬಿಟ್ಟಿದ್ರು? ನೆನಪಿದೆಯಾ?"

"ಹೊತ್ತಲ್ಲಮ್ಮ, ಎಂಟು ದಿನ. ಗಾಜಿನ ಬೋಗುಣಿ ಕವುಚಿ ಇಟ್ಟಿದ್ರು. ಇದನ್ನ ಹೇಳಿದ್ರೆ ಅಧ್ಯಕ್ಷರು, ನಿನಗೆ ಅರಳುಮರಳು ಅಂತ ಬಾಯಿ ಮುಚ್ಚಿಸ್ತಾರೆ. ಆ ವರ್ಷ ಯಜಮಾನರು ಚಹಾ ಲೋಟ ಹಿಡಿದ್ರೆ ಅರ್ಧ ನೆಲಕ್ಕೆ ಬೀಳ್ತಿತ್ತು. ಅಂಥ ಕೈಯಲ್ಲಿ ಅಂಥ ಕಾರು ಮಾಡಿದ್ರು, ಪುಣ್ಯಾತ್ಮ."

ಅಕ್ಕ ಎದ್ದು ಚಪ್ಪಲಿ ಮೆಟ್ಟಿದಳು.

ಕ್ಲಬ್ಬಿನ ಕೋಣೆ ಮಹಡಿಯ ಮೇಲಿತ್ತು. ಬಾಗಿಲು ತೆರೆದ ಕೂಡಲೇ ಬಣ್ಣ ತೆಳುಮಾಡುವ ತಿನ್ನರ್ ವಾಸನೆ ಮೂಗಿಗೆ ಹೊಡೆಯಿತು. ಅಧ್ಯಕ್ಷರು ವೃತ್ತಿಯಲ್ಲಿ ಹಲ್ಲಿನ ಡಾಕ್ಟರು. ಬಾಯಿ ತೆರೆದು ಕುಳಿತ ಜನರೊಂದಿಗೇ ಮಾತಾಡಿ ಅಭ್ಯಾಸವಾಗಿ, ಎದುರಿನವರು ಉತ್ತರ ಕೊಡಬಹುದು ಎಂಬುದನ್ನೇ ಮರೆತಂತಿದ್ದರು. ಗೋಡೆಯ ಮೇಲೆ ಅವರೇ ಬರೆಸಿದ ದೊಡ್ಡ ಬೋರ್ಡಿತ್ತು: 'ಯಜಮಾನರ ಪದ್ಧತಿ.' ಹಳೆಯ ಡಬ್ಬಿಯನ್ನು ಹತ್ತು ನಿಮಿಷ ಬಿಸಿನೀರಿನಲ್ಲಿ ನಿಲ್ಲಿಸಬೇಕು. ಒಳಗಿನ ಗುಂಡು ಸಲೀಸಾಗಿ ಉರುಳುವವರೆಗೆ ಕುಲುಕಬೇಕು. ಬಣ್ಣ ಬೀಳಬಾರದ ಕಡೆ ಟೇಪು ಅಂಟಿಸಬೇಕು. ಕೆಲಸ ಮುಗಿದ ಮೇಲೆ ಡಬ್ಬಿಯನ್ನು ತಲೆಕೆಳಗೆ ಮಾಡಿ, ಬರೀ ಗಾಳಿ ಬರುವವರೆಗೆ ಒತ್ತಿ ಮೂತಿಯನ್ನು ಚೊಕ್ಕ ಮಾಡಬೇಕು. ಕೊನೆಯ ಸಾಲು ಕೆಂಪಕ್ಷರದಲ್ಲಿತ್ತು: 'ಯಜಮಾನರು ಬೇಗ ಒಣಗುವ ಲ್ಯಾಕರ್ ಬಿಟ್ಟು ಬೇರೆ ಬಣ್ಣ ಮುಟ್ಟಲಿಲ್ಲ.'

"ಹತ್ತು ವರ್ಷ ಅಧ್ಯಯನ ಮಾಡಿ ಬರೆದದ್ದು" ಎಂದರು ಅಧ್ಯಕ್ಷರು. "ನಾಳೆ ಇದೇ ಪುಸ್ತಕವಾಗಿ ಬಿಡುಗಡೆ. ಆ ಹೆಂಗಸು ಎಲ್ಲಾ ಹಾಳು ಮಾಡಿದಳು. ನೀವು ನೋಡೋದೇನಿದೆ ಮೇಡಂ? ಡಬ್ಬಿ ಸಿಕ್ಕಿದೆಯಲ್ಲ."

'ಆ ಹೆಂಗಸು' ಬಾಗಿಲ ಹತ್ತಿರವೇ ನಿಂತಿದ್ದಳು. ಅವಳು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಅವರು ಮಾತಾಡಿದ ರೀತಿಗೆ ತಂಗಿಯ ಮೈ ಉರಿಯಿತು.

"ನೀವೇನಂತೀರಿ?" ಎಂದು ಅಕ್ಕ ಬೀಗದಮ್ಮನನ್ನು ಕೇಳಿದಳು.

"ನಾನು ಮಾಡಿಲ್ಲ ಅಂತ ನಿನ್ನೆನೇ ಹೇಳಿದ್ದೀನಿ. ಅದನ್ನೇ ಬೇಡೋ ಥರ ಮತ್ತೆ ಮತ್ತೆ ಹೇಳಲ್ಲ."

ಅಕ್ಕ ಕಾರನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಚಾವಣಿ ನೋಡಲಾಗುತ್ತಿರಲಿಲ್ಲ, ಅಷ್ಟು ಕೆಟ್ಟಿತ್ತು. ಆದರೆ ಕಿಟಕಿಗಳ ಗಾಜು ತೊಳೆದಿಟ್ಟಂತಿತ್ತು, ಬಾಗಿಲಿನ ಬೆಳ್ಳಿ ಪಟ್ಟಿ ಮಿರಮಿರ ಎನ್ನುತ್ತಿತ್ತು. ಆಮೇಲೆ ಡಬ್ಬಿ ನೋಡಿದಳು. ಲ್ಯಾಕರ್ ಎಂದು ಬರೆದಿದ್ದ ಕಾಗದದ ಚೀಟಿ ನಡುವಿನಿಂದ ಕೆಳಗೆ ಉಬ್ಬಿ ಸಡಿಲವಾಗಿತ್ತು. ಮೂತಿಯ ತೂತು ಹೊಸ ಡಬ್ಬಿಯದರಷ್ಟು ಚೊಕ್ಕವಾಗಿತ್ತು.

ಬೀಗದಮ್ಮನ ಕಸದ ಬುಟ್ಟಿಯನ್ನು ಯಾರೂ ಖಾಲಿ ಮಾಡಿರಲಿಲ್ಲ. ಅಕ್ಕ ಅದನ್ನು ಒಂದು ಹಾಳೆಯ ಮೇಲೆ ಸುರಿದಳು. ಈರುಳ್ಳಿ ಸಿಪ್ಪೆ, ಹರಿದ ಲಕೋಟೆ, ತಲೆಕೂದಲ ಉಂಡೆ, ಖಾಲಿ ಬೆಂಕಿಪೊಟ್ಟಣ. ಬೇರೆ ಏನೂ ಇರಲಿಲ್ಲ.

ಕೊನೆಗೆ ಅಕ್ಕ ಹತ್ತಿ, ತಿನ್ನರ್ ಕೇಳಿ ತರಿಸಿಕೊಂಡಳು. ಏಳು ಕಾರುಗಳನ್ನೂ ಒಂದೊಂದಾಗಿ ಅಂಗಾತ ಮಲಗಿಸಿ, ಹೊಟ್ಟೆಯ ಕಾಣದ ಮೂಲೆಯಲ್ಲಿ ತಿನ್ನರ್ ಅದ್ದಿದ ಹತ್ತಿಯಿಂದ ಒಂದೇ ಒಂದು ಸಲ ಒರೆಸಿದಳು. ಆರು ಹತ್ತಿಯುಂಡೆಗಳಿಗೆ ಕೆಂಪೋ ನೀಲಿಯೋ ಹಳದಿಯೋ ಬಣ್ಣ ಹತ್ತಿತು. ಹಸಿರು ಕಾರಿನದು ಮಾತ್ರ ಬೆಳ್ಳಗೇ ಉಳಿಯಿತು. ಅಕ್ಕ ಅದನ್ನು ಬಹಳ ಹೊತ್ತು ನೋಡಿ, ಅಧ್ಯಕ್ಷರತ್ತ ತಿರುಗಿದಳು.

"ನಾಲ್ಕೂವರೆಗೆ ಎಲ್ಲಾ ಸದಸ್ಯರನ್ನೂ ಕರೆಸಿ ಡಾಕ್ಟ್ರೇ. ನಿನ್ನೆ ಇದ್ದವರು ಒಬ್ಬರೂ ತಪ್ಪಬಾರದು."

ನಾಲ್ಕೂವರೆಗೆ ಕೋಣೆ ತುಂಬಿತು. ತಂಗಿ ಹಿಂದಿನ ಸಾಲಿನಲ್ಲಿ, ಬೀಗದಮ್ಮನ ಪಕ್ಕದಲ್ಲಿ ಕುಳಿತಳು. ಗೋಡೆ ಗಡಿಯಾರ ನೋಡಿದಷ್ಟೂ ಅವಳ ಸಿಟ್ಟು ಏರುತ್ತಿತ್ತು. ಇನ್ನು ಅರ್ಧ ಗಂಟೆಗೆ ಈ ಮುದುಕಿ ಬೀದಿಪಾಲು, ಈ ಅಧ್ಯಕ್ಷ ಮಹನೀಯರೋ ಕಾಲಿನ ಮೇಲೆ ಕಾಲು ಹಾಕಿ ಕುಳಿತಿದ್ದಾರೆ.

ಅಕ್ಕ ಕಾರನ್ನು ಎತ್ತಿ ತೋರಿಸಿದಳು. "ನಿನ್ನೆ ನೀವೆಲ್ಲಾ ಹಾಳಾದ ಬಣ್ಣ ನೋಡಿದ್ರಿ. ಹಾಳಾಗದೇ ಇರೋದನ್ನ ನೋಡಿ. ಗಾಜಿನ ಮೇಲೆ ಒಂದು ಹನಿ ಇಲ್ಲ, ಬೆಳ್ಳಿ ಪಟ್ಟಿ ಮೇಲೆ ಒಂದು ಚುಕ್ಕೆ ಇಲ್ಲ. ಸ್ಪ್ರೇ ಬಣ್ಣ ಮಂಜಿನ ಥರ, ಎಲ್ಲಾ ಕಡೆ ಕೂರುತ್ತೆ. ಅಂದ್ರೆ ಹೊಡೆದವರು ಮೊದಲು ಟೇಪು ಅಂಟಿಸಿದ್ರು. ಹೊಟ್ಟೆಕಿಚ್ಚಿಗೆ ಹಾಳು ಮಾಡೋರು ಗಾಜು ಕೆಡಬಾರದು ಅಂತ ಅರ್ಧ ಗಂಟೆ ಕೂತು ಟೇಪು ಅಂಟಿಸ್ತಾರಾ?"

ಅಕ್ಕ ಕಾರನ್ನು ಇಳಿಸಿ ಡಬ್ಬಿ ಎತ್ತಿಕೊಂಡಳು.

"ಡಬ್ಬಿ ನೋಡಿ. ಚೀಟಿ ಅರ್ಧಕ್ಕೆ ಉಬ್ಬಿದೆ, ಬಿಸಿನೀರಲ್ಲಿ ನಿಲ್ಲಿಸಿದ್ದಾರೆ. ಮೂತಿ ಚೊಕ್ಕವಾಗಿದೆ, ಕೊನೇಲಿ ತಲೆಕೆಳಗೆ ಮಾಡಿ ಒತ್ತಿದ್ದಾರೆ. ಕಸಕ್ಕೆ ಎಸೆಯೋ ಡಬ್ಬಿಗೆ ಯಾರೂ ಇಷ್ಟು ಉಪಚಾರ ಮಾಡಲ್ಲ. ಹೊಡೆದವರಿಗೆ ಕಾರು ಹಾಳು ಮಾಡೋ ಉದ್ದೇಶ ಇರಲಿಲ್ಲ, ಚೆಂದ ಮಾಡೋ ಉದ್ದೇಶ ಇತ್ತು. ಕೈ ತಪ್ಪಿ ಕೆಟ್ಟಿತು."

"ಅವಳೇ ನಮ್ಮ ಕಣ್ಣಿಗೆ ಮಣ್ಣೆರಚೋಕೆ ಹಾಗೆ ಮಾಡಿರಬಹುದು" ಎಂದರು ಅಧ್ಯಕ್ಷರು. "ಇಲ್ಲೇ ಇದ್ದು ಎಲ್ಲಾ ನೋಡಿ ಕಲಿತಿದ್ದಾಳೆ."

"ಹಾಗಿದ್ರೆ ಟೇಪು ಎಲ್ಲಿ ಡಾಕ್ಟ್ರೇ? ಡಬ್ಬಿ ಅವರ ಬುಟ್ಟೀಲಿತ್ತು, ಬಿಡಿಸಿದ ಟೇಪಿನ ಒಂದು ಚೂರೂ ಇರಲಿಲ್ಲ. ಅವರೇ ಹೊಡೆದಿದ್ರೆ ಎರಡೂ ಒಟ್ಟಿಗೇ ಬುಟ್ಟಿಗೆ ಬೀಳ್ತಿದ್ವು. ಟೇಪು ನೋಡಿದ್ರೆ ಇದು ಹೊಟ್ಟೆಕಿಚ್ಚಿನ ಕೆಲಸ ಅಲ್ಲ ಅಂತ ಎಲ್ರಿಗೂ ಗೊತ್ತಾಗ್ತಿತ್ತು. ಅದಕ್ಕೇ ಡಬ್ಬಿ ಇಟ್ಟವರು ಟೇಪು ಮಾತ್ರ ಜೇಬಿಗೆ ಹಾಕ್ಕೊಂಡ್ರು."

ತಂಗಿಗೆ ಈಗ ಸಿಟ್ಟಿನ ಜೊತೆ ಖುಷಿಯೂ ಆಯಿತು. ಅಕ್ಕ ಬಸ್ಸಿಗೆ ಬಣ್ಣ ಹೊಡೆದಂತೆಯೇ ವಾದ ಮಾಡುತ್ತಾಳೆ, ಪದರದ ಮೇಲೆ ಪದರ, ಎಲ್ಲೂ ಆತುರವಿಲ್ಲ.

"ಬಣ್ಣ ಯಾಕೆ ಸುಕ್ಕಾಯ್ತು?" ಅಕ್ಕ ಹತ್ತಿಯುಂಡೆಗಳನ್ನು ಮೇಜಿನ ಮೇಲೆ ಜೋಡಿಸಿದಳು. "ಲ್ಯಾಕರ್ ಮೇಲೆ ಲ್ಯಾಕರ್ ಹೊಡೆದ್ರೆ ಕೂಡ್ಕೊಳ್ಳುತ್ತೆ. ನಿಧಾನ ಒಣಗೋ ಎನಾಮೆಲ್ ಮೇಲೆ ಲ್ಯಾಕರ್ ಹೊಡೆದ್ರೆ, ಅದು ಕೆಳಗಿನ ಬಣ್ಣಾನ ಕಡಿದು ಎಬ್ಬಿಸುತ್ತೆ. ನಮ್ಮ ಶೆಡ್ಡಲ್ಲಿ ಮೊದಲ ದಿನ ಕಲಿಸೋ ಪಾಠ ಇದು. ತಿನ್ನರ್ ಹತ್ತಿಯಿಂದ ಒಂದು ಸಲ ಒರೆಸಿದ್ರೆ ಸಾಕು, ಲ್ಯಾಕರ್ ಬಣ್ಣ ಬಿಡುತ್ತೆ, ಒಣಗಿದ ಎನಾಮೆಲ್ ಅಷ್ಟಕ್ಕೇ ಬಿಡಲ್ಲ. ಆರು ಕಾರು ಲ್ಯಾಕರ್. ಹಸಿರು ಕಾರು ಎನಾಮೆಲ್. ಲ್ಯಾಕರ್ ಆಗಿದ್ರೆ ಅರ್ಧ ಗಂಟೇಲಿ ಒಣಗ್ತಿತ್ತು, ಎಂಟು ದಿನ ಬೋಗುಣಿ ಕೆಳಗೆ ಇಡಬೇಕಿರಲಿಲ್ಲ. ಆ ಎಂಟು ದಿನ ನೆನಪಿದ್ದ ಕಾರ್ಯದರ್ಶಿ ಈ ತಪ್ಪು ಮಾಡಲ್ಲ. ಇದು ಲ್ಯಾಕರೇ ಅಂತ ಕಣ್ಮುಚ್ಚಿ ನಂಬಿದವರು ಮಾತ್ರ ಮಾಡ್ತಾರೆ. ಕೀಲಿ ಇದ್ದ ಮೂವರಲ್ಲಿ ಅದನ್ನ ನಂಬಿದ್ದವರು ಒಬ್ಬರೇ. ಗೋಡೆ ಮೇಲೆ ಕೆಂಪಕ್ಷರದಲ್ಲಿ ಬರೆಸಿಟ್ಟಿದ್ದಾರೆ."

ನಲವತ್ತು ತಲೆಗಳು ಗೋಡೆಯತ್ತ, ಆಮೇಲೆ ಅಧ್ಯಕ್ಷರತ್ತ ತಿರುಗಿದವು. ಅವರ ಕಾಲು ಕೆಳಗಿಳಿಯಿತು.

"ಚಾವಣಿ ಮಂಕಾಗಿತ್ತು" ಎಂದರು ಅಧ್ಯಕ್ಷರು. "ಪುಸ್ತಕ ಬಿಡುಗಡೆ ದಿನ ಹೊಳೀಲಿ ಅಂತ ಒಂದು ಪದರ ಹೊಡೆದೆ. ಕಣ್ಣೆದುರೇ ಎದ್ದುಬಿಡ್ತು. ಒಳ್ಳೇ ಉದ್ದೇಶಕ್ಕೇ ಮಾಡಿದ್ದು. ತಪ್ಪು ಯಾರಿಗೆ ಆಗಲ್ಲ?"

"ಬಣ್ಣ ಕೆಟ್ಟಿದ್ದು ತಪ್ಪು" ಎಂದಳು ಅಕ್ಕ. ಅವಳ ದನಿ ನಡುಗಿದ್ದನ್ನು ತಂಗಿ ಮೊದಲ ಬಾರಿಗೆ ಕೇಳಿದಳು. "ಡಬ್ಬೀನ ಮೆಟ್ಟಿಲು ಇಳಿಸ್ಕೊಂಡು ಹೋಗಿ ಅವರ ಕಸದ ಬುಟ್ಟೀಲಿ ಹಾಕಿದ್ದು ತಪ್ಪಲ್ಲ. ಅದು ನೀಚತನ. ಅದಕ್ಕೆ ಬೇರೆ ಹೆಸರು ಕೊಡಬೇಡಿ."

ವಾಚ್ ರಿಪೇರಿಯವನು ಎದ್ದು ನಿಂತ. "ಆದ್ರೆ ಅಮ್ಮಾ, ಯಜಮಾನರು ಎನಾಮೆಲ್ ಮುಟ್ಟಿದ್ದನ್ನ ನಾನೂ ನೋಡಿಲ್ಲ. ಇದೊಂದೇ ಕಾರಿಗೆ ಯಾಕೆ ಹೊಡೆದ್ರು?"

"ಡಾಕ್ಟ್ರು ಬರೆಸಿದ ಸಾಲು ನಿಜಾನೇ. ಯಜಮಾನರು ಲ್ಯಾಕರ್ ಬಿಟ್ಟು ಬೇರೆ ಮುಟ್ಟಲಿಲ್ಲ" ಎಂದಳು ಅಕ್ಕ. "ಚಹಾ ಲೋಟ ನಿಲ್ಲದ ಕೈ ಈ ಬಣ್ಣ ಹೊಡೆದಿರೋಕೆ ಸಾಧ್ಯಾನೂ ಇಲ್ಲ. ಇಲ್ಲೇ ಇದ್ದು ಎಲ್ಲಾ ನೋಡಿ ಕಲಿತವರು ಯಾರು ಅಂತ ಡಾಕ್ಟ್ರೇ ಆಗಲೇ ಹೇಳಿದ್ರಲ್ಲ." ಅವಳು ಹಿಂದಿನ ಸಾಲಿನತ್ತ ನೋಡಿದಳು. "ನಾನು ಹೇಳೋದಕ್ಕಿಂತ ನೀವು ಹೇಳಿದ್ರೆ ಚೆಂದ."

ಬೀಗದಮ್ಮ ಕುಳಿತಲ್ಲಿಂದಲೇ ಮಾತಾಡಿದಳು.

"ಯಜಮಾನರ ಕೈ ನಡುಗ್ತಿತ್ತು. ನೀನೇ ಹೊಡಿ ಅಂದ್ರು. ಲ್ಯಾಕರ್ ಕೊಟ್ರೆ ನಿನಗೆ ತಿದ್ದೋಕೆ ಸಮಯ ಸಿಗಲ್ಲ ಅಂತ ಎನಾಮೆಲ್ ಡಬ್ಬಿ ಕೊಟ್ರು. ಧೂಳೇಳಬಾರದು ಅಂತ ನೆಲಕ್ಕೆ ನೀರು ಚಿಮುಕಿಸಿ ಹೊಡೆದೆ. ಎಡಗಡೆ ಹಿಂದಿನ ಚಕ್ರದ ಒಳಗೆ ಬಣ್ಣ ಇಳೀತು. ಕಡ್ಡಿಯಿಂದ ಎಳೆದೆ, ಗೀರು ಇರ್ಬೇಕು, ನೋಡಿ. ಇದು ನಿನ್ನ ಕೆಲಸ ಅಂತ ಎಲ್ರಿಗೂ ಹೇಳ್ತೀನಿ ಅಂದಿದ್ರು. ಅಷ್ಟರಲ್ಲಿ ಹೋಗ್ಬಿಟ್ರು. ಕಸ ಗುಡಿಸೋಳು ನಾನು, ಹೇಳಿದ್ರೆ ಯಾರು ನಂಬ್ತಿದ್ರಿ?"

ವಾಚ್ ರಿಪೇರಿಯವನು ತನ್ನ ಭೂತಗನ್ನಡಿಯನ್ನು ಕಣ್ಣಿಗಿಟ್ಟು ಚಕ್ರದ ಒಳಗೆ ನೋಡಿದ. "ಗೀರು ಇದೆ" ಎಂದ.

"ನನ್ನ ಕೈಯಾರೆ ಮಾಡಿದ್ದನ್ನ ನಾನೇ ಹಾಳು ಮಾಡ್ದೆ ಅಂದ್ರಲ್ಲ ಸಾರ್" ಎಂದಳು ಬೀಗದಮ್ಮ. ಅವಳ ಕಣ್ಣಲ್ಲಿ ನೀರಿರಲಿಲ್ಲ, ಇಪ್ಪತ್ತು ವರ್ಷದ ಸಿಟ್ಟಿತ್ತು.

ಅಧ್ಯಕ್ಷರು ಕೆಮ್ಮಿದರು. "ಆಯ್ತು, ನೀನು ಆ ರೂಮಲ್ಲೇ ಇರು. ಯಾರೂ ಬಿಡಿಸಲ್ಲ. ಇದನ್ನ ಇಲ್ಲಿಗೇ ಮುಗಿಸೋಣ."

"ಇಲ್ಲಿಗೇ ಮುಗಿಯಲ್ಲ" ಎಂದಳು ಬೀಗದಮ್ಮ. "ಇದೇ ಜನರ ಮುಂದೆ, ಅಷ್ಟು ಜೋರಾಗಿ, ನಾನು ಮಾಡ್ದೆ ಅಂದ್ರಿ. ಈಗ ನಿಂತ್ಕೊಂಡು ಮೂರು ಮಾತು ಹೇಳಿ. ಕಾರಿಗೆ ಬಣ್ಣ ಹೊಡೆದದ್ದು ಯಾರು, ಕೆಡಿಸಿದ್ದು ಯಾರು, ಡಬ್ಬಿ ತಂದು ನನ್ನ ಬುಟ್ಟೀಲಿ ಹಾಕಿದ್ದು ಯಾರು. ನಾಳೆ ಪ್ರದರ್ಶನದಲ್ಲೂ ಇದೇ ಮೂರು ಮಾತು."

ಅಧ್ಯಕ್ಷರು ಸುತ್ತ ನೋಡಿದರು. ಬೇಡ ಬಿಡಿ ಎನ್ನುವವರು ಒಬ್ಬರೂ ಸಿಗಲಿಲ್ಲ. ಎದ್ದರು. ಮೊದಲ ಮಾತು ಹೇಗೋ ಹೇಳಿದರು. ಎರಡನೆಯದನ್ನು ನೆಲ ನೋಡುತ್ತಾ ಗೊಣಗಿದರು. ಮೂರನೆಯದು ತುಟಿಯಿಂದ ಈಚೆಗೆ ಬರಲೇ ಇಲ್ಲ.

ತಂಗಿ ಎದ್ದು ನಿಂತಳು. ಕೊನೆಯ ಬೆಂಚಿನವರನ್ನೂ ಮೂವತ್ತೊಂದು ವರ್ಷ ಮುಟ್ಟಿದ್ದ ದನಿ ಅದು.

"ಹಿಂದಿನ ಸಾಲಿಗೆ ಕೇಳಿಸಲಿಲ್ಲ. ಮೊದಲಿಂದ ಹೇಳಿ."

ಅವರು ಮೊದಲಿನಿಂದ ಹೇಳಿದರು.