ಒರಳಿನ ಕೆಳಗಿನ ನೀರು

ಆ ಬೇಸಿಗೆಯಲ್ಲಿ ಪುರಸಭೆಯವರು ಮನೆಮನೆಗೆ ಹಂಚಿದ ಗುಲಾಬಿ ಬಣ್ಣದ ಕಾಗದದಲ್ಲಿ ಹತ್ತು ನಿಯಮಗಳಿದ್ದವು. ಒಂಬತ್ತರ ಬಗ್ಗೆ ರೇಷ್ಮೆ ನೂಲು ಬಿಚ್ಚುವ ರೀಲರ್ ಮಕ್ಬೂಲನಿಗೆ ತಕರಾರೇ ಇರಲಿಲ್ಲ. ನೀರು ದಿನ ಬಿಟ್ಟು ದಿನ, ಬೆಳಿಗ್ಗೆ ಆರರಿಂದ ಏಳು; ಆಗಲಿ. ಮನೆಗೆ ಹತ್ತೇ ಕೊಡ, ಸಂತೋಷ. ಮೈ ಉರಿಸಿದ್ದು ಏಳನೆಯದು. ರೇಷ್ಮೆ ನೂಲು ಬಿಚ್ಚುವವರು ಗೂಡು ಬೇಯಿಸಲು ನಲ್ಲಿ ನೀರು ಮುಟ್ಟಕೂಡದು, ಊರಾಚೆಯ ಬಾವಿಗಳಿಂದ ತಂದುಕೊಳ್ಳಬೇಕು. ಸಿಕ್ಕಿಬಿದ್ದರೆ ಮನೆಯ ನಲ್ಲಿಯೂ ಹೋಯಿತು, ನೂಲು ಬಿಚ್ಚುವ ಲೈಸೆನ್ಸೂ ಹೋಯಿತು.

ರಾಮನಗರದಲ್ಲಿ ರೇಷ್ಮೆಗೆ ಅದು ಚಿನ್ನದಂಥ ಕಾಲ. ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯಿಂದ ಗೂಡಿನ ಚೀಲಗಳು ಬಸ್ಸಿನ ತಲೆಯೇರಿ ಬರುತ್ತಿದ್ದವು. ಬೀದಿಯಲ್ಲಿ ಮನೆ ಬಿಟ್ಟು ಮನೆ ಚರಕದ ಸದ್ದು. ಇಂಥ ಹೊತ್ತಿನಲ್ಲಿ ಕೆಲಸ ನಿಲ್ಲಿಸಿ, ಗಾಡಿ ಕಟ್ಟಿಕೊಂಡು, ಎರಡು ಮೈಲಿ ಹೋಗಿ ನೀರು ಸೇದಬೇಕಂತೆ! ಯಾವನು ಬರೆದ ಇದನ್ನ, ಜೀವನದಲ್ಲಿ ಒಂದು ಗೂಡು ಬೇಯಿಸಿದ್ದಾನಾ? ಮಕ್ಬೂಲ್ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡ. ನಿಯಮ ಮುರಿಯಬೇಕಾದರೆ ಮೊದಲು ನಿಯಮ ಅರ್ಥವಾಗಬೇಕು ಎನ್ನುವುದು ಅವನ ಖಚಿತ ಅಭಿಪ್ರಾಯ.

ಮೂರು ದಿನ ಕೂತು ಹತ್ತನ್ನೂ ಬಾಯಿಪಾಠ ಮಾಡಿದ. ಆಮೇಲೆ ಪುರಸಭೆಗೆ ಹೋಗಿ ನೀರಿನ ಇನ್‌ಸ್ಪೆಕ್ಟರ್ ಗಂಗಹನುಮಯ್ಯನ ಮುಂದೆ ನಿಂತು ಅನುಮಾನಗಳನ್ನು ಕೇಳತೊಡಗಿದ. ನಮಾಜಿಗೆ ಕೈಕಾಲು ತೊಳೆದ ನೀರನ್ನು ಗಿಡಕ್ಕೆ ಹಾಕಿದರೆ ಅದು ತೊಳೆಯುವ ನೀರಿನ ಲೆಕ್ಕವೋ ಗಿಡದ ಲೆಕ್ಕವೋ? ಪಕ್ಕದ ಮನೆ ಮೇಕೆ ನನ್ನ ಬಕೆಟ್ಟಿಗೆ ಬಾಯಿ ಹಾಕಿದರೆ ಆ ನೀರು ಯಾರ ಪಾಲಿನದು? ಗಂಗಹನುಮಯ್ಯ ಮೊದಲ ದಿನ ಮೆಚ್ಚಿದ, ಎರಡನೇ ದಿನ ಬೆವರಿದ, ನಾಲ್ಕನೇ ದಿನ ಮಕ್ಬೂಲನ ಟೋಪಿ ಕಂಡೊಡನೆ ಹಿಂಬಾಗಿಲಿನಿಂದ ಹೊರಟ.

"ಸಾಬ್ರೇ, ನಿಮ್ಮನೆ ಚೆಕ್ ಮಾಡೋದೇನೈತೆ? ನೀವೇ ನಂಗೆ ರೂಲ್ಸ್ ಹೇಳ್ಕೊಡ್ತಿದ್ದೀರ," ಎಂದು ಕೊನೆಗೆ ಬೀದಿಯಲ್ಲಿ ಕೈಮುಗಿದ. "ಒಸಿ ಉಸಿರಾಡೋಕೆ ಬುಡಿ."

ಅಲ್ಲಿಗೆ ಮೊದಲ ಹಂತ ಮುಗಿಯಿತು.

ಎರಡನೆಯದು ಕೊಳವೆ. ಬೀದಿಯ ಕೊಳವೆ ಅವನ ಅಡುಗೆಮನೆಯ ಅಡಿಯಲ್ಲೇ ಹಾದು ನಲ್ಲಿಗೆ ಬರುತ್ತಿತ್ತು. ಮಕ್ಬೂಲ್ ರುಬ್ಬುವ ಒರಳನ್ನು ಕಿತ್ತ, ಅದರಡಿ ಇನ್ನೊಂದು ಕೊಳವೆ ಜೋಡಿಸಿದ, ಚರಕದ ಶೆಡ್ಡಿನಲ್ಲಿ ಗೂಡಿನ ತಟ್ಟೆಗಳ ಕೆಳಗೆ ಕಟ್ಟಿದ ತೊಟ್ಟಿಗೆ ಅದನ್ನು ಬಿಟ್ಟ, ಒರಳನ್ನು ಮತ್ತೆ ಅಲ್ಲೇ ಕೂರಿಸಿದ. ಹೊರಗಿನ ನಲ್ಲಿಯಲ್ಲಿ ಬೀದಿಯವರೆಲ್ಲ ನೋಡುವಂತೆ ಹತ್ತು ಕೊಡ ಎಣಿಸಿ ಹಿಡಿದು, ಹನ್ನೊಂದನೆಯ ಕೊಡವನ್ನು ಬೋರಲು ಹಾಕುತ್ತಿದ್ದ.

ತೊಂದರೆ ಒಂದೇ. ನೀರು ಬಂದಾಗ ತೊಟ್ಟಿ ಗುಡುಗುಡು ಎನ್ನುತ್ತಿತ್ತು. ಆ ಸದ್ದು ಮುಚ್ಚಲು ಹೆಂಡತಿ ಫಿರೋಜಾ ಆರರಿಂದ ಏಳರವರೆಗೆ ಒರಳಲ್ಲಿ ಏನಾದರೂ ರುಬ್ಬುತ್ತಲೇ ಇರಬೇಕೆಂದು ಗೊತ್ತುಮಾಡಿದ. ಮೊದಲ ವಾರ ಮಸಾಲೆ, ಆಮೇಲೆ ಅಕ್ಕಿ, ಆಮೇಲೆ ಚಟ್ನಿ, ಕೊನೆಗೆ ಬರೀ ಕಲ್ಲು. ಬೀದಿಯ ಮನೆಗಳಿಗೆಲ್ಲ ಬೋಸಿ ತುಂಬ ಚಟ್ನಿ ಹೋಯಿತು. ಅವರೂ ಬೇಡವೆಂದರು.

"ನೀರು ಕದಿಯೋರು ನೀವು, ತೋಳು ಬಿದ್ದೋಗ್ತಿರೋದು ನಂದು," ಎಂದಳು ಫಿರೋಜಾ. "ಎರಡು ಮೈಲಿ ನಡೆದು ನಾನೇ ಸೇದ್ಕೊಂಡ್ ಬತ್ತೀನಿ, ಅದೇ ಸುಲಭ."

"ಸುಲಭದ ಮಾತಲ್ಲ ಇದು," ಎಂದ ಮಕ್ಬೂಲ್. ಅದಂತೂ ನಿಜವಾಗಿತ್ತು.

ಮೂರನೆಯದು ಬಾವಿಯ ನೀರು. ಜನ ಕಣ್ಣಾರೆ ಕಾಣಬೇಕಲ್ಲ? ಊರಾಚೆ ಮಾವನ ಹಿಪ್ಪುನೇರಳೆ ತೋಟದ ಬಾವಿಯಿಂದ ಒಂದೇ ಒಂದು ಸಲ ನಾಲ್ಕು ಡ್ರಮ್ಮು ತುಂಬಿಸಿದ. ಆ ಡ್ರಮ್ಮುಗಳು ದಿನಾ ಬೆಳಿಗ್ಗೆ ಎತ್ತಿನ ಗಾಡಿಯಲ್ಲಿ, ಬೀದಿಯುದ್ದಕ್ಕೂ ತುಳುಕುತ್ತಾ ಮುಂಬಾಗಿಲಿಗೆ ಬರುತ್ತಿದ್ದವು. ಮಧ್ಯಾಹ್ನ ಗೋಣಿ ಹೊದ್ದು ಹಿತ್ತಿಲ ಓಣಿಯಿಂದ ತೋಟಕ್ಕೆ ವಾಪಸು ಹೋಗುತ್ತಿದ್ದವು. ಮತ್ತೆ ಮರುದಿನ ಬೆಳಿಗ್ಗೆ ಅದೇ ನೀರು, ಅದೇ ಬೀದಿ. ತುಳುಕಿ ಕಡಿಮೆಯಾದಷ್ಟನ್ನು ನಲ್ಲಿ ನೀರಿನಿಂದ ತುಂಬಿಕೊಂಡ. ಮೂರನೇ ವಾರಕ್ಕೆ ಡ್ರಮ್ಮಿನಲ್ಲಿ ಸೊಳ್ಳೆಮರಿಗಳು ಈಜಾಡತೊಡಗಿದವು. "ಇವಕ್ಕೂ ಸೊಪ್ಪು ಹಾಕಿ, ಗೂಡು ಕಟ್ಟಿದ್ರೂ ಕಟ್ಟಬಹುದು," ಎಂದಳು ಫಿರೋಜಾ. ಎತ್ತಿನ ಬಾಡಿಗೆ, ಹೊತ್ತು, ಮೈಕೈ ನೋವು ಎಲ್ಲ ನೋಡಿದರೆ ನಿಜವಾಗಿ ನೀರು ತರುವವರಿಗಿಂತ ಮಕ್ಬೂಲನೇ ಹೆಚ್ಚು ದುಡಿಯುತ್ತಿದ್ದ. ಆದರೆ ಕಾನೂನನ್ನು ಗೆದ್ದ ಖುಷಿ ಬೇರೆಯವರಿಗೆ ಎಲ್ಲಿತ್ತು!

ಎರಡು ತಿಂಗಳಾಯಿತು. ಊರಿನ ಉಳಿದ ರೀಲರ್‌ಗಳು ಪುರಸಭೆಗೆ ನುಗ್ಗಿ, ಬಾವಿ ನೀರಲ್ಲಿ ಕಸುಬು ಸಾಯುತ್ತಿದೆ, ಏಳನೇ ನಿಯಮ ತೆಗೆಯಿರಿ ಎಂದು ಗಲಾಟೆ ಮಾಡಿದರು. ಅವರ ಬಾಯಿ ಮುಚ್ಚಿಸಲು ಗಂಗಹನುಮಯ್ಯನ ಹತ್ತಿರ ಒಂದೇ ಉತ್ತರವಿತ್ತು, ಮಕ್ಬೂಲ್. ಇನ್‌ಸ್ಪೆಕ್ಟರೇ ಅವನ ಮನೆಗೆ ಬಂದ.

"ನಾಳೆ ಪುರಸಭೆ ಹಾಲಲ್ಲಿ ನಿಮಗೆ ಹಾರ ಹಾಕ್ತೀವಿ ಸಾಬ್ರೇ. ಬಾವಿ ನೀರಲ್ಲೂ ನೂಲು ಬಿಚ್ಬೋದು ಅಂತ ನೀವು ತೋರ್ಸ್‌ಬೇಕು. ಒಂದೆರಡು ಲಡಿ ರೇಷ್ಮೆ ತನ್ನಿ, ಎಲ್ಲರೂ ನೋಡ್ಲಿ."

ಮಕ್ಬೂಲನಿಗೆ ಎದೆ ಉಬ್ಬಿ ಬಂತು. ಕಳ್ಳನಿಗೆ ಪೊಲೀಸರೇ ಹಾರ ಹಾಕುವುದು ಎಲ್ಲಾದರೂ ಉಂಟೇ! ಆ ರಾತ್ರಿ ಕೂತು ಎಲ್ಲವನ್ನೂ ಇನ್ನೊಮ್ಮೆ ಯೋಚಿಸಿದ. ಕೊಳವೆ ಕಾಣುವುದಿಲ್ಲ. ಸದ್ದು ಕೇಳುವುದಿಲ್ಲ. ಡ್ರಮ್ಮುಗಳನ್ನು ಇಡೀ ಬೀದಿ ನೋಡಿದೆ. ಫಿರೋಜಾ ಬಾಯಿ ಬಿಡುವವಳಲ್ಲ. ಎಲ್ಲೂ ಬಿರುಕಿಲ್ಲ. ಇದ್ದುದರಲ್ಲೇ ಒಳ್ಳೆಯ ಎರಡು ಲಡಿ ಆರಿಸಿ ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟುಕೊಂಡ.

ಮರುದಿನ ಪುರಸಭೆಯ ಸಭಾಂಗಣದಲ್ಲಿ ನಲವತ್ತು ಜನ ರೀಲರ್‌ಗಳು. ಕೊರಳಿಗೆ ಹಾರ ಬಿತ್ತು, ಮಕ್ಬೂಲ್ ಲಡಿಗಳನ್ನು ಬಿಚ್ಚಿ ಮೇಜಿನ ಮೇಲಿಟ್ಟ. ಮೊದಲ ಸಾಲಿನಲ್ಲಿದ್ದ ಹಳೇ ರೀಲರ್ ಕರೀಂ ಎದ್ದು ಬಂದು, ತಾನು ತಂದಿದ್ದ ಲಡಿಯನ್ನು ಪಕ್ಕದಲ್ಲಿಟ್ಟ. ಅದು ಮಂಕಾಗಿ, ಒರಟಾಗಿ, ಕೊಳೆ ಬಟ್ಟೆಯ ಬಣ್ಣಕ್ಕಿತ್ತು. ಮಕ್ಬೂಲನದು ಫಳಫಳ ಹೊಳೆಯುತ್ತಿತ್ತು. ಊರ ಸುತ್ತಲಿನ ಬಾವಿಗಳದ್ದೆಲ್ಲ ಸವಳು ನೀರು. ಅದರಲ್ಲಿ ಬೇಯಿಸಿದ ಗೂಡಿನ ನೂಲು ಹೊಳೆಯುವುದಿಲ್ಲ. ಎರಡು ತಿಂಗಳಿಂದ ಊರಿನ ಪ್ರತಿ ರೀಲರ್ ಅದನ್ನೇ ನೋಡಿ ನೋಡಿ ಅಳುತ್ತಿದ್ದ. ಹನ್ನೆರಡು ವರ್ಷದಿಂದ ನಲ್ಲಿಯ ಸಿಹಿನೀರು ಬಿಟ್ಟು ಬೇರೆ ನೀರಲ್ಲಿ ನೂಲು ಬಿಚ್ಚದ, ಡ್ರಮ್ಮಿನ ಗಡಿಬಿಡಿಯಲ್ಲಿ ಬೇರೆಯವರ ಲಡಿಯನ್ನೂ ನೋಡದ ಮಕ್ಬೂಲನಿಗೆ ಮಾತ್ರ ಅದು ಗೊತ್ತಿರಲಿಲ್ಲ. ಕರೀಂ ಹೊಳೆಯುವ ನೂಲನ್ನು ಬೆರಳಲ್ಲಿ ಉಜ್ಜಿ ನೋಡಿದ, ಗಂಗಹನುಮಯ್ಯನ ಕಡೆ ತಿರುಗಿದ. "ಸಾರ್, ಜೀಪ್ ತೆಗೀರಿ. ಇಂಥ ನೂಲು ಬರೋ ಬಾವಿ ಎಲ್ಲೈತೆ ಅಂತ ಮಕ್ಬೂಲ್ ಭಾಯ್ ಈಗ್ಲೇ ತೋರಿಸ್ಲಿ, ನಾವೆಲ್ಲ ಅಲ್ಲೇ ಸೇದ್ತೀವಿ," ಎಂದ. ನಲವತ್ತು ಜನರೂ ಎದ್ದು ನಿಂತರು.