ಹೊಸ್ತಿಲಿಗೆ ಹೇಳಿದ ಮಾತು

"ಅಳತೆ ಮುಗಿಸ್ಕಂಡು ಸುಮ್ನೆ ಬಂದ್ಬುಡಿ ಸ್ವಾಮಿ. ಹೊಸ್ತಿಲ್ ಮ್ಯಾಲೆ ನಿಂತು 'ಬರ್ತೀನಿ' ಅಂತ ಮಾತ್ರ ಅನ್ಬ್ಯಾಡಿ. ಅನ್ಲೇಬೇಕು ಅಂದ್ರೆ 'ಹೋಗ್ತೀನಿ' ಅನ್ನಿ."

ಗಾರೆ ಮೇಸ್ತ್ರಿ ಚಿಕ್ಕಮಾರಯ್ಯ ಇಷ್ಟು ಹೇಳಿ, ಟೇಪಿನ ತುದಿ ಹಿಡಿದು ಓಣಿಯಲ್ಲೇ ನಿಂತುಬಿಟ್ಟ. ಓವರ್‌ಸಿಯರ್ ಶ್ರೀಕಂಠಯ್ಯನಿಗೆ ನಗು ತಡೆಯಲಾಗಲಿಲ್ಲ. ಹುಟ್ಟಿದಾಗಿನಿಂದ ಅವನು ಕೇಳಿಕೊಂಡು ಬಂದದ್ದು ಇದರ ತಿರುಗುಮುರುಗು. ಮನೆಯಿಂದ ಹೊರಡುವಾಗ ಬಾಯಿತಪ್ಪಿ 'ಹೋಗ್ತೀನಿ' ಅಂದರೆ ತಾಯಿ ತುಟಿಯ ಮೇಲೇ ಬಾರಿಸುತ್ತಿದ್ದಳು. ಹೋಗುವುದು ಹೆಣ, ಮನುಷ್ಯರಾದವರು 'ಹೋಗಿ ಬರ್ತೀನಿ' ಅನ್ನಬೇಕು ಎನ್ನುತ್ತಿದ್ದಳು. ಈಗ ನೋಡಿದರೆ ಈ ಮೇಸ್ತ್ರಿ ಉಲ್ಟಾ ಪಾಠ ಹೇಳಿಕೊಡಲು ಬಂದಿದ್ದಾನೆ.

ಅದು ಮೈಸೂರು ರಾಜ್ಯ ದೊಡ್ಡದಾದ ಮರುವರ್ಷ. ತುಮಕೂರಿನಲ್ಲಿ ಕಾಸಿದ್ದವರಿಗೆಲ್ಲ ಕಟ್ಟುವ ಹುಚ್ಚು ಹಿಡಿದಿತ್ತು. ಮುನಿಸಿಪಾಲಿಟಿಯ ಮೇಜಿನ ಮೇಲೆ ಪ್ಲಾನುಗಳು ರಾಶಿ ಬಿದ್ದಿದ್ದವು. ಜಾಗ ಅಳೆದು, ಲೈಸೆನ್ಸು ಕೊಡಬಹುದೋ ಇಲ್ಲವೋ ಎಂದು ಬರೆಯುವುದು ಕುಣಿಗಲ್ಲಿನಿಂದ ಹೊಸದಾಗಿ ವರ್ಗವಾಗಿ ಬಂದ ಶ್ರೀಕಂಠಯ್ಯನ ಕೆಲಸ. ಗುಬ್ಬಿ ರಸ್ತೆಯ ಪಕ್ಕದ ಈ ಓಣಿಯಲ್ಲಿ ಕೊಬ್ಬರಿ ವ್ಯಾಪಾರಿ ಲಕ್ಷ್ಮೀನರಸಿಂಹಯ್ಯ ಎರಡಂತಸ್ತಿನ ಅಂಗಡಿ ಸಾಲು ಎಬ್ಬಿಸಲು ಹೊರಟಿದ್ದ. ಜಾಗದಲ್ಲಿದ್ದ ಹಳೆಯ ಮನೆ ಕುಸಿದು ಮಣ್ಣಾಗಿತ್ತು. ಬಾಗಿಲುವಾಡ ಮಾತ್ರ ನಿಂತಿತ್ತು. ಗೋಡೆಯಿಲ್ಲ, ಸೂರಿಲ್ಲ, ಕದವೂ ಇಲ್ಲ. ಎಕ್ಕದ ಗಿಡಗಳ ನಡುವೆ ಹಲಸಿನ ಮರದ ಒಂದು ಚೌಕಟ್ಟು, ಅದರ ಹೊಸ್ತಿಲು.

ಅದನ್ನು ಕೀಳಲು ಯಾವ ಆಳೂ ಒಪ್ಪಿರಲಿಲ್ಲ. ಅದಕ್ಕೆ ಕಾರಣ ಆ ಮನೆಯ ವಿಧವೆ ಕೊಲ್ಲಾಪುರಮ್ಮ. ಮನೆಯ ಆಸೆಗೆ ಮೈದುನರು ಅವಳಿಗೆ ಮಾಟ ಮಾಡಿಸಿದ್ದರು. ಎಕ್ಕದ ಬೇರಿನ ಬೊಂಬೆಗೆ ಅವಳದೇ ತಲೆಗೂದಲು ಸುತ್ತಿ, ಮೊಳೆ ಹೊಡೆದು, ಹೊಸ್ತಿಲ ಕೆಳಗೆ ಹೂಳಿಸಿದ್ದರು. ಮೊದಲು ಅವಳ ಮೈ ಜೋಮು ಹಿಡಿಯಿತು, ಆಮೇಲೆ ಬುದ್ಧಿ. ಬೀದಿಗೆ ದಬ್ಬಿದ ದಿನ ಅವಳು ಹೊಸ್ತಿಲಿಗೆ ಹಣೆ ಹಚ್ಚಿ 'ಬರ್ತೀನಿ' ಎಂದಳಂತೆ. ಬರುವ ಮೊದಲೇ ಸತ್ತಳು.

"ಹೊಸ್ತಿಲು ಇನ್ನೂ ಕಾಯ್ತಾ ಐತೆ," ಎಂದ ಚಿಕ್ಕಮಾರಯ್ಯ. "ಅಲ್ಲಿ ಯಾರ್ 'ಬರ್ತೀನಿ' ಅಂದ್ರೂ ಅವ್ಳ ಬದ್ಲು ಅವ್ರು ಬರ್ಬೇಕು."

ಶ್ರೀಕಂಠಯ್ಯ ಹೊಸ್ತಿಲ ಮೇಲೆ ಕಾಲಿಟ್ಟು, ನೆಂಟರ ಮನೆಯಿಂದ ಹೊರಡುವವನ ಹಾಗೆ ಒಳಗಿನ ಬಯಲಿಗೆ ಕೈಮುಗಿದ.

"ಬರ್ತೀನಮ್ಮಾ ಕೊಲ್ಲಾಪುರಮ್ಮ. ಎಲೆ ಹಾಕಿಟ್ಟಿರು!"

ಮೇಸ್ತ್ರಿಯ ಕೈಯಿಂದ ಟೇಪು ಜಾರಿತು. ಬಯಲಿನೊಳಗಿಂದ ಸಾರಿನ ಒಗ್ಗರಣೆಯ ವಾಸನೆ ಬಂತು. ಅದರ ಬೆನ್ನಿಗೇ ಕೂದಲು ಸುಟ್ಟ ಕಮಟು. ಪಕ್ಕದ ಮನೆಯಲ್ಲಿ ಏನೋ ಸೀದಿರಬೇಕು ಎಂದುಕೊಂಡು ಶ್ರೀಕಂಠಯ್ಯ ಟೇಪು ಸುತ್ತಿಕೊಂಡ. ಪಕ್ಕದಲ್ಲಿ ಮನೆಯೇ ಇರಲಿಲ್ಲ.

ಮರುದಿನ ಆಫೀಸು ಬಿಟ್ಟು ಮನೆಗೆಂದು ಹೊರಟವನು, ದೀಪ ಹಚ್ಚುವ ಹೊತ್ತಿಗೆ ಆ ಬಾಗಿಲುವಾಡದ ಒಳಗೆ ನಿಂತಿದ್ದ. ಹೇಗೆ ಬಂದೆ ಎಂಬುದು ಗೊತ್ತಾಗಲಿಲ್ಲ. ತಿರುಗಿ ಮನೆ ಸೇರಿದಾಗ ಹೆಂಡತಿ ಪದ್ಮಮ್ಮ ಅವನ ಕಾಲು ನೋಡಿ ಕೂಗಿಕೊಂಡಳು. ಚಪ್ಪಲಿಯನ್ನು ಆ ಹೊಸ್ತಿಲ ಹೊರಗೆ, ಮನೆಯವರು ಬಿಡುವ ಹಾಗೆ ಬಿಟ್ಟು ಬಂದಿದ್ದ. ಅಂಗಾಲಿನಲ್ಲಿ ತುಕ್ಕು ಹಿಡಿದ ಮೊಳೆ ನಾಟಿತ್ತು. ನಡುಮನೆಯ ತುಂಬ ರಕ್ತದ ಹೆಜ್ಜೆ. ಅವನಿಗೆ ನೋವೇ ಆಗಿರಲಿಲ್ಲ.

ಆಮೇಲೆ ಅದು ದಿನದ ರೂಢಿಯಾಯಿತು. ಸಂಜೆಯಾದರೆ ಕಾಲು ತಾನಾಗಿ ಓಣಿಯ ಕಡೆ ತಿರುಗುತ್ತಿತ್ತು. ಪ್ರತಿ ಸಲವೂ ಏನೋ ಒಂದನ್ನು ಅಲ್ಲೇ ಬಿಟ್ಟು ಬರುತ್ತಿದ್ದ. ಕುದಿಯುವ ಕಾಫಿ ನಾಲಿಗೆಗೆ ಬಿಸಿಯೆನಿಸಲಿಲ್ಲ. ಮಲ್ಲಿಗೆಗೆ ವಾಸನೆ ಇರಲಿಲ್ಲ. ಇದಕ್ಕೆ ಹೆದರಬೇಕು ಎಂದು ಬುದ್ಧಿ ಹೇಳುತ್ತಿತ್ತು, ಹೆದರಿಕೆಯೇ ಬರುತ್ತಿರಲಿಲ್ಲ.

ಪದ್ಮಮ್ಮ ತುಂಬು ಬಸುರಿ. ಮದುವೆಯಾಗಿ ವರ್ಷಗಟ್ಟಲೆ ಕಾದ ಮೇಲೆ ನಿಂತ ಗರ್ಭ. ಒಂದು ಬೆಳಿಗ್ಗೆ ಅವಳು ಅವನ ಅಂಗೈ ಎಳೆದು ಹೊಟ್ಟೆಯ ಮೇಲಿಟ್ಟುಕೊಂಡಳು.

"ಒದೀತಿದೆ ನೋಡ್ರೀ! ಗೊತ್ತಾಗ್ತಿದೆಯಾ?"

ಸೀರೆ ಅಲುಗುವುದು ಅವನಿಗೆ ಕಣ್ಣಾರೆ ಕಾಣುತ್ತಿತ್ತು. ಕೈಗೆ ಮಾತ್ರ ಮರದ ಹಲಗೆ ಮುಟ್ಟಿದಂತಿತ್ತು. "ಗೊತ್ತಾಗ್ತಿದೆ ಕಣೆ," ಎಂದ. ಹೀಗೇ ಬಿಟ್ಟರೆ ಮಗು ಹುಟ್ಟುವ ಹೊತ್ತಿಗೆ ಅದು ತನ್ನದು ಎಂಬುದೂ ತಿಳಿಯಲಾರದು ಎಂದು ಹೊಳೆದದ್ದು ಆಗ. ಇದ್ದಬದ್ದ ಪ್ರೀತಿಯನ್ನೆಲ್ಲ ಬಾಚಿಕೊಂಡು ಅವನು ಚಿಕ್ಕಮಾರಯ್ಯನನ್ನು ಹುಡುಕಿ ಹೋದ.

"ಇವತ್ತೇ ಹೋಗಿ ಆ ಹೊಸ್ತಿಲಿಗೆ 'ಹೋಗ್ತೀನಿ' ಅನ್ನಿ. ಋಣ ಕಡ್ಕಂತದೆ," ಎಂದ ಮೇಸ್ತ್ರಿ. ಅವನ ದನಿ ಇಳಿಯಿತು. "ಆದ್ರೆ ಮಾಟ ಈಗ ನಿಮ್ ನಾಲ್ಗೆ ಮ್ಯಾಲೆ ಕುಂತೈತೆ. ಮೊದ್ಲು ಯಾವ್ ಹೊಸ್ತಿಲಿಗೆ ಆ ಮಾತ್ ಅಂತೀರೋ, ಅದೇ ನಿಮ್ಮನ್ನ ಬುಟ್ಬುಡ್ತದೆ. ಜ್ವಾಪಾನ."

ಆ ಮಾತು ಅವನ ಬಾಯಿಗೆ ಹತ್ತಬೇಕಲ್ಲ! ಆಡಲು ಹೋದರೆ ತಾಯಿಯ ಏಟು ನೆನಪಾಗಿ ನಾಲಿಗೆ 'ಬರ್ತೀನಿ'ಗೇ ಹೊರಳುತ್ತಿತ್ತು. ಆಫೀಸಿನಲ್ಲಿ ಪ್ಲಾನುಗಳ ಮೇಲೆ ಬಾಗಿಕೊಂಡು ದಿನವಿಡೀ ಗೊಣಗಿದ. ಹೋಗ್ತೀನಿ. ಹೋಗ್ತೀನಿ. ಸಂಜೆಯ ಹೊತ್ತಿಗೆ ಮಾತು ಪಳಗಿತು. ಪದ್ಮಮ್ಮನ ಮುಖ ಒಂದು ಸಲ ನೋಡಿ ಹೊರಟರೆ ಮನಸ್ಸು ಗಟ್ಟಿಯಾದೀತು ಎಂದು, ಓಣಿಯ ಕಡೆ ತಿರುಗುವ ಕಾಲನ್ನು ಎಳೆದುಕೊಂಡು ಮನೆಗೆ ಬಂದು, ನೀರು ಕುಡಿದು, ಹೊರಟ. ಅವಳು ಬಾಗಿಲ ತನಕ ಬಂದಳು.

"ಕತ್ತಲಾಗೋದ್ರೊಳಗೆ ಬಂದ್ಬಿಡ್ರೀ."

"ಹೋಗ್ತೀನಿ ಕಣೆ."

ಪದ್ಮಮ್ಮನ ಮುಖದ ರಕ್ತ ಇಳಿಯಿತು. "ಅಯ್ಯೋ, ಬಿಡ್ತು ಅನ್ನಿ! ಬಿಡ್ತು ಅನ್ನಿ ಮೊದ್ಲು!"

ಕೆಟ್ಟ ಮಾತು ಬಾಯಿಗೆ ಬಂದಾಗ ಎಲ್ಲರ ಮನೆಯಲ್ಲೂ ಹೇಳಿಸುವುದೇ ಅದು. ಅಭ್ಯಾಸಬಲ. ಅವನು "ಬಿಡ್ತು" ಎಂದ.

ಬಿಟ್ಟಿತು.

ಕಾಲ ಕೆಳಗಿನ ಹೊಸ್ತಿಲು ಸಡಿಲವಾದದ್ದು ಅವನಿಗೆ ತಿಳಿಯಿತು. ಅವನ ಮೈಗೆ ಕೊನೆಯದಾಗಿ ತಿಳಿದದ್ದು ಅದೇ. ಓಡಿದ. ಓಣಿಯಲ್ಲಿ ಕತ್ತಲೆ. ಎಕ್ಕದ ಗಿಡಗಳು. ಒಗ್ಗರಣೆಯ ಚಟಪಟ ಸದ್ದು. ಬಾಗಿಲುವಾಡ. ನಿಂತ. ಉಸಿರು ಸಾಲಲಿಲ್ಲ. ಬಾಯಿ ತೆರೆದ.

"ಹೋಗ್ತೀನಿ!"

ಒಳಗೆ ಬಳೆ ಸದ್ದಾಯಿತು. ಹೆಂಗಸಿನ ದನಿ. ಮೆಲ್ಲಗೆ, ಅಕ್ಕರೆಯಿಂದ. ಹೊರಟವರನ್ನು ಯಾರೂ ಕೇಳಬಾರದ ಮಾತನ್ನು ಅದು ಕೇಳಿತು.

"ಎಲ್ಲಿಗೆ?"

ಶ್ರೀಕಂಠಯ್ಯ ಯೋಚಿಸಿದ. ಒಂದು ಬೀದಿ. ಒಂದು ಬಾಗಿಲು. ಬಾಗಿಲಲ್ಲಿ ಯಾರೋ ನಿಂತಿದ್ದರು. ಯಾರು? ನೆನಪಾಗಲಿಲ್ಲ. ನೆನಪಾಗಲಿಲ್ಲವಲ್ಲ ಎಂಬ ಸಂಕಟವೂ ಆಗಲಿಲ್ಲ. ಚಪ್ಪಲಿ ಕಳಚಿ ಹೊಸ್ತಿಲ ಹೊರಗಿಟ್ಟು, ಒಳಗೆ ಹೋಗಿ ಕುಳಿತ.

ಆಫೀಸಿನವರು ಕೈ ಹಿಡಿದು ಎಳೆದುಕೊಂಡು ಹೋದರು. ಸಂಜೆಗೆ ಮತ್ತೆ ಅಲ್ಲೇ ಇದ್ದ. ಓವರ್‌ಸಿಯರಿಗೆ ತಲೆ ಕೆಟ್ಟಿದೆ ಎಂದು ಊರು ಮಾತಾಡಿಕೊಂಡು ಸುಮ್ಮನಾಯಿತು. ಲಕ್ಷ್ಮೀನರಸಿಂಹಯ್ಯ ಪ್ಲಾನು ವಾಪಸು ಪಡೆದು ಬೇರೆ ಕಡೆ ಕಟ್ಟಿಸಿದ.

ಕಡಬದ ತವರಿನಲ್ಲಿ ಬಾಣಂತನ ಮುಗಿಸಿಕೊಂಡು ಪದ್ಮಮ್ಮ ಮಗುವನ್ನೆತ್ತಿ ಆ ಓಣಿಗೆ ಬಂದಳು. ಗಡ್ಡ ಬೆಳೆದ ಗಂಡ ಬಯಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತಿದ್ದ. ಮುಂದೆ ತೊಳೆದ ಬಾಳೆ ಎಲೆ.

"ನೋಡ್ರೀ, ನಿಮ್ಮ ಮಗಳು."

ಅವನು ಮಗುವಿನ ಕಡೆ ನೋಡಿದ. ಗುರುತು ಹತ್ತದ ನೆಂಟರಿಗೆ ನಗುವ ಹಾಗೆ ನಕ್ಕ.

"ಒಳಗೆ ಬನ್ನಿ. ಎಲೆ ಹಾಕಿದೆ."

ಅವಳಿಗೇ ಅರಿವಿಲ್ಲದೆ ಕಾಲು ಮೇಲೆದ್ದಿತು. "ಬ್ಯಾಡಿ ತಾಯಿ! 'ಬರ್ತೀನಿ' ಅಂತಲೂ ಅನ್ಬ್ಯಾಡಿ!" ಎಂದ ದಾರಿ ತೋರಿಸಲು ಬಂದು ಓಣಿಯಲ್ಲೇ ನಿಂತಿದ್ದ ಚಿಕ್ಕಮಾರಯ್ಯ. ಅವಳು ಕಾಲು ಹಿಂದಕ್ಕೆ ತೆಗೆದುಕೊಂಡಳು. ಆದರೆ ಗಂಡನಿಗೆ ಹೇಳದೆ ಹೊರಟವಳಲ್ಲ ಅವಳು. 'ಬರ್ತೀನಿ' ಗಂಟಲ ತನಕ ಬಂದು ನಿಂತಿತ್ತು. ಮಗು ಅವಳ ಬೆರಳನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಪುಟ್ಟ ಉಗುರು ಚುಚ್ಚಿ ನೋಯುತ್ತಿತ್ತು.

"ಹೋಗ್ತೀನಿ ರೀ," ಎಂದಳು ಪದ್ಮಮ್ಮ.

ಕಾದಳು. ಅವನು 'ಬಿಡ್ತು ಅನ್ನು' ಎನ್ನಲಿಲ್ಲ.